20,000 ಸೆರೆಯಾಳುಗಳು, ಒಂದು ಹೆಸರೂ ಇಲ್ಲ

1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು. ಮದಕರಿ ನಾಯಕ ಶ್ರೀರಂಗಪಟ್ಟಣದ ಸೆರೆಗೆ ಹೋದ, ಮರಳಲಿಲ್ಲ. ಕೋಟೆ ನೋಡಲು ಬಂದವರು ಇಂದಿಗೂ ಓಬವ್ವನ ಕಿಂಡಿಯ ಮುಂದೆ ತಲೆಬಾಗುತ್ತಾರೆ. ನಾಯಕನ ಹಾಗೆಯೇ ಸೆರೆಹೋದ ಜನಸಾಮಾನ್ಯರ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಆ ಜನರ ಸಂಖ್ಯೆ 20,000 ಎನ್ನುತ್ತದೆ. ನಾಯಕನ ಮೇಲೆ ಬೇಡರಿಗಿದ್ದ ನಿಷ್ಠೆಯೇ ಕೋಟೆಯನ್ನು ಅಷ್ಟು ಕಾಲ ಕಾದದ್ದು. ಅದನ್ನು ಮುರಿಯಲೆಂದು ಹೈದರ್ ಅವರನ್ನು ನೆಲದಿಂದ ಕಿತ್ತು ಸಾಗಿಸಿದ, ಹುಡುಗರನ್ನು ಸೆರೆಯಾಳುಗಳಿಂದಲೇ ಕಟ್ಟಿದ ಚೇಲಾ ಪಡೆಗಳಿಗೆ ಸೇರಿಸಿದ. ಮಾರ್ಕ್ ವಿಲ್ಕ್ಸ್ ರೈಸ್‌ಗಿಂತಲೂ ಮೊದಲೇ ಇದನ್ನು ಬರೆದಿದ್ದ. ಇಬ್ಬರೂ ಹೈದರನನ್ನು ವೈರಿಯೆಂದೇ ಕಂಡ ಬ್ರಿಟಿಷ್ ಆಡಳಿತದ ಅಧಿಕಾರಿಗಳು, ಆದ್ದರಿಂದ ಆ ಅಂಕಿಯನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಅಂಕಿ ಅರ್ಧಕ್ಕಿಳಿದರೂ ಪ್ರಶ್ನೆ ಉಳಿಯುತ್ತದೆ: ಯಾವ ಹಟ್ಟಿಯಿಂದ ಯಾರು ಹೋದರು, ಯಾರು ತಿರುಗಿ ಬಂದರು?

ಇದೇ ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟದಲ್ಲಿ ಇದೇ ಜಿಲ್ಲೆಯ ಶಾಸನಗಳನ್ನು ಕೂಡಿಸಿದರು. ಅವುಗಳಲ್ಲಿ ವೀರಗಲ್ಲುಗಳೂ ಇವೆ. ಅದಕ್ಕೂ ಶತಮಾನಗಳ ಹಿಂದೆ ನಮ್ಮ ಊರುಗಳು ತುರುಗಾಳಗದಲ್ಲಿ ಮಡಿದ ಒಬ್ಬ ಸಾಮಾನ್ಯನ ಹೆಸರನ್ನೂ ಕಲ್ಲಿನಲ್ಲಿ ಕೊರೆಸುತ್ತಿದ್ದವು. ಅಷ್ಟು ಒಳ್ಳೆಯ ಪದ್ಧತಿಗೂ ಒಂದು ಮಿತಿಯಿತ್ತು. ವೀರಗಲ್ಲು ನಿಲ್ಲಬೇಕಾದರೆ ಸಾವು ಖಚಿತವಾಗಿರಬೇಕು. ಬದುಕಿದ್ದಾನೋ ಸತ್ತನೋ ತಿಳಿಯದವನಿಗೆ ಕಲ್ಲೂ ಇಲ್ಲ, ತಿಥಿಯೂ ಇಲ್ಲ.

ಸರ್ಕಾರಿ ಕಡತ ಬಂದ ಮೇಲೂ ಈ ಕಷ್ಟ ತಪ್ಪಲಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಹಿಂತಿರುಗಲಿಲ್ಲ. ಅವರು ತಮ್ಮ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಕೆಡವಿ ಮಡಿದರೆಂದು ಇಲ್ಲಿ ಗೊತ್ತಾದದ್ದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪಾಕಿಸ್ತಾನದ ವಾಯುಯುದ್ಧದ ಕಥೆ ಬರೆದಾಗ. ಮಹಾವೀರ ಚಕ್ರ ಘೋಷಣೆಯಾಗುವ ಹೊತ್ತಿಗೆ 1988 ಬಂದಿತ್ತು. ಎದುರಾಳಿಯ ದಾಖಲೆ ತೆರೆಯದೆ ಕಾಣೆಯಾದವರ ಲೆಕ್ಕ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾಗಿ ಪಾಕಿಸ್ತಾನದ ಸೆರೆಯಲ್ಲಿರಬಹುದೆಂದು ಭಾರತ ನಂಬಿದ 54 ಯೋಧರ ವಿಷಯದಲ್ಲಿ ಆ ಬಾಗಿಲು ಸರಿಯಾಗಿ ತೆರೆಯಲೇ ಇಲ್ಲ. ಕೆಲವು ಬಂಧುಗಳು 2007ರಲ್ಲಿ ಅಲ್ಲಿನ ಜೈಲುಗಳಿಗೆ ಹೋಗಿ ಬರಿಗೈಯಲ್ಲಿ ಮರಳಿದರು. ಆದರೂ ಅವರ ಕೈಯಲ್ಲಿ ಹೆಸರುಗಳ ಪಟ್ಟಿಯೊಂದಿತ್ತು.

ದುರ್ಗದವರಿಗೆ ಅದೂ ಇಲ್ಲ. ಆದರೆ ಹುಡುಕಲು ದಾರಿಗಳಿವೆ. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಹೆಳವರು ಈ ಸೀಮೆಯ ಮನೆಗಳಿಗೂ ಬರುತ್ತಾರೆ. ಹಾಲುರಾಮೇಶ್ವರದ ಸುತ್ತಿನ ಊರುಗಳಿಂದ ಹಿರಿಯೂರು, ಹೊಳಲ್ಕೆರೆಯ ಹಟ್ಟಿಗಳವರೆಗೆ, 1779ರ ಆಸುಪಾಸಿನಲ್ಲಿ ಯಾವ ಮನೆಯ ಯಾವ ಕವಲು ಒಮ್ಮೆಲೇ ನಿಂತುಹೋಗಿದೆ ಎಂದು ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವ ಕೆಲಸವನ್ನು ವಿಶ್ವವಿದ್ಯಾಲಯವೊಂದು ಈಗಲೇ ಕೈಗೆತ್ತಿಕೊಳ್ಳಬೇಕು. ಕೋಟೆಯ ಬಾಗಿಲಲ್ಲಿ ಆ ಹೆಸರುಗಳಿಗೊಂದು ಫಲಕವೂ ಬೇಕು.