ಹಂದರ ಚೆಂದ, ಬಳ್ಳಿ ಹಬ್ಬಬೇಕಲ್ಲ

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಂಥ ಊರಿನಲ್ಲಿ ಟ್ರ್ಯಾಕ್ಟರ್ ಮಗುಚಿ ಕಣಕಾಲು ಜಜ್ಜಿದರೆ ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಎಲುಬು ಬರೀ ಮುರಿದಿದ್ದರೆ ರಾಡು, ಪ್ಲೇಟುಗಳಲ್ಲಿ ಕೆಲಸ ಮುಗಿಯಬಹುದು. ಎರಡು ಮೂರು ಇಂಚಿನಷ್ಟು ಎಲುಬೇ ಪುಡಿಯಾಗಿದ್ದರೆ ಆ ಖಾಲಿ ಜಾಗ ತಾನಾಗಿ ತುಂಬುವುದಿಲ್ಲ. ತ್ರೀಡಿ ಮುದ್ರಣದಲ್ಲಿ ತಯಾರಾಗುವ ಮೂಳೆಹಂದರಗಳು ಭರವಸೆ ಕೊಡುವುದು ಇಂಥ ಜಾಗಕ್ಕೇ. ಅವುಗಳ ಯೋಗ್ಯತೆಯನ್ನು ಅಳೆಯಬೇಕಾದ್ದೂ ಇಲ್ಲಿಯೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ, ಬಿಕ್ರಮ್‌ಜಿತ್ ಬಸು ಅವರ ತಂಡಗಳು ಈ ಕ್ಷೇತ್ರದಲ್ಲಿ ವರ್ಷಗಟ್ಟಲೆ ದುಡಿದಿವೆ. ವಿಧಾನ ಸೊಗಸಾಗಿದೆ. ಸಿಟಿ ಸ್ಕ್ಯಾನಿನಿಂದ ರೋಗಿಯ ಮೂಳೆಯ ಆಕಾರ ತೆಗೆದು, ಸುಮಾರು 60 ಡಿಗ್ರಿಗೆ ಕರಗುವ ಪಾಲಿಕ್ಯಾಪ್ರೊಲ್ಯಾಕ್ಟೋನ್‌ನಂಥ ಪಾಲಿಮರನ್ನು ಎಳೆಎಳೆಯಾಗಿ ಹೆಣೆಯುತ್ತಾರೆ. ಮೂಳೆಯಲ್ಲೇ ಇರುವ ಖನಿಜದ ಬಗೆಯ ಹೈಡ್ರಾಕ್ಸಿಅಪಟೈಟನ್ನು ಅದಕ್ಕೆ ಬೆರೆಸುವುದೂ ಉಂಟು. ಜೀವಕೋಶಗಳು ಒಳಹೊಕ್ಕು ಹೊಸ ಎಲುಬು ಕಟ್ಟಿದಂತೆಲ್ಲ, ಹಂದರ ಎರಡು ಮೂರು ವರ್ಷಗಳಲ್ಲಿ ಕರಗಿ ಹೋಗಬೇಕು.

ಇದು ಬರೀ ಕನಸಲ್ಲ. ಸಿಂಗಪುರದ ಆಸ್ಟಿಯೊಪೋರ್ ಕಂಪನಿಯ ಇದೇ ಪಾಲಿಮರಿನ ಹಂದರಕ್ಕೆ 2006ರಲ್ಲೇ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಆದರೆ ಅದು ಗೆದ್ದದ್ದು ತಲೆಬುರುಡೆಯಲ್ಲಿ. ಬುರುಡೆ ಭಾರ ಹೊರುವುದಿಲ್ಲ, ರಕ್ತ ಅದಕ್ಕೆ ಧಾರಾಳ, ಆಕಾರವೂ ಮುಖ್ಯ. ದವಡೆಯಲ್ಲೂ ಅಳತೆಗೆ ತಕ್ಕ ಹಂದರದ ವಾದಕ್ಕೆ ಬಲವಿದೆ, ಒಂದಿಷ್ಟು ಓರೆಯಾದರೂ ಮುಖವೇ ಕೆಟ್ಟೀತು.

ಕಣಕಾಲಿನ ಕತೆ ಬೇರೆ. ಗಟ್ಟಿ ಮೂಳೆಯ ಬಿಗಿತ 10ರಿಂದ 20 ಗಿಗಾಪ್ಯಾಸ್ಕಲ್. ಈ ಪಾಲಿಮರಿನದು ಅರ್ಧ ಗಿಗಾಪ್ಯಾಸ್ಕಲ್ಲೂ ಇಲ್ಲ. ರಕ್ತನಾಳ ನುಗ್ಗಲು 300 ಮೈಕ್ರಾನಿನ ರಂಧ್ರಗಳಾದರೂ ಬೇಕೆಂದು ಬಿಟ್ಟಷ್ಟೂ ಬಲ ಇನ್ನೂ ಕುಗ್ಗುತ್ತದೆ. ಟೈಟಾನಿಯಂ ಬಳಸಿದರೆ ಬಲವೇನೋ ಸಿಗುತ್ತದೆ, ಆದರೆ ಅದು ಕರಗುವುದಿಲ್ಲ. ರಕ್ತನಾಳದಿಂದ ಆಮ್ಲಜನಕ ಒಂದೆರಡು ನೂರು ಮೈಕ್ರಾನು ದಾಟುವುದೇ ಕಷ್ಟ. ಎರಡಿಂಚಿನ ಹಂದರದ ನಟ್ಟನಡುವೆ ಕೂತ ಕೋಶ ಬದುಕುವುದು ಹೇಗೆ? ಹೊಗಳುವ ಲೇಖನಗಳು ಹಂದರದ ಚಿತ್ರವನ್ನು ದೊಡ್ಡದಾಗಿ ಹಾಕಿ ಈ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ತೇಲಿಸುತ್ತವೆ.

‘ರೋಗಿಯ ಅಳತೆಗೆ’ ಎಂಬ ಮಾತಿನ ಮೇಲೇ ನನಗೆ ಹೆಚ್ಚು ಅನುಮಾನ. ಎರೆಮಣ್ಣು ಮೆತ್ತಿದ ಗಾಯವನ್ನು ಸರ್ಜನ್ ಮತ್ತೆ ಮತ್ತೆ ತೊಳೆದು, ಸತ್ತ ಎಲುಬನ್ನು ಕೆತ್ತಿ ತೆಗೆಯುತ್ತಾರೆ. ಪ್ರತಿ ಸಲವೂ ಖಾಲಿ ಜಾಗದ ಆಕಾರ ಬದಲಾಗುತ್ತದೆ. ಮೊದಲ ದಿನದ ಸ್ಕ್ಯಾನಿಗೆ ಮುದ್ರಿಸಿದ ಹಂದರ ಕೊನೆಯ ಗಾಯಕ್ಕೆ ಕೂರುವುದಿಲ್ಲ. ಸೋಂಕು ಉಳಿದಿದ್ದರಂತೂ ಅದು ಬ್ಯಾಕ್ಟೀರಿಯಾಗಳಿಗೇ ಮನೆಯಾದೀತು.

ಇದರ ಎದುರು ಇಲಿಜರೋವ್ ರಿಂಗನ್ನು ಇಟ್ಟು ನೋಡಬೇಕು. ಸೈಬೀರಿಯದ ಕುರ್ಗಾನಿನಲ್ಲಿ ಗವ್ರಿಲ್ ಇಲಿಜರೋವ್ 1950ರ ದಶಕದಿಂದ ಬೆಳೆಸಿದ ವಿಧಾನ ಅದು. ಎಲುಬನ್ನು ಬೇರೆಡೆ ಕತ್ತರಿಸಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಸುತ್ತ ಹೋದರೆ, ನಡುವಿನ ಸಂದಿನಲ್ಲಿ ರೋಗಿಯದೇ ಜೀವಂತ ಎಲುಬು ಬೆಳೆಯುತ್ತದೆ. ತಿಂಗಳುಗಟ್ಟಲೆ ಕಾಲಿಗೆ ಕಬ್ಬಿಣದ ಬಳೆ, ತಂತಿ ಚುಚ್ಚಿದಲ್ಲಿ ಕೀವು, ಹೊಲದ ಕೆಲಸಕ್ಕೆ ಚಕ್ಕರ್. ಯಾತನೆ ಸಣ್ಣದಲ್ಲ. ಆದರೂ ಕಾಲು ಉಳಿಯುತ್ತದೆ, ಯಾವ ಪ್ರಿಂಟರಿನ ಹಂಗೂ ಇಲ್ಲ. ಪ್ರಯೋಗಾಲಯದ ಹಂದರ ಸೋಲಿಸಬೇಕಾದ್ದು ಈ ರಿಂಗನ್ನು. ಇಲಿಯ ತಲೆಬುರುಡೆಯಲ್ಲಿ ಕೊರೆದ ತೂತು ತುಂಬಿದ ಮಾತ್ರಕ್ಕೆ ಗೆದ್ದಂತಲ್ಲ.

ವಿಜ್ಞಾನಿಗಳು ಆಕಾರದ ಬೆರಗನ್ನು ಸ್ವಲ್ಪ ಬದಿಗಿಟ್ಟು ರಕ್ತ, ಭಾರ, ಸೋಂಕು ಈ ಮೂರರ ಮೇಲೆ ಶ್ರಮ ಸುರಿಯಲಿ. ಉತ್ತರ ಕರ್ನಾಟಕದ ಆಸ್ಪತ್ರೆಗಳ ಮೂಳೆ ವಿಭಾಗಗಳನ್ನು ವಿನ್ಯಾಸದ ಹಂತದಲ್ಲೇ ಜೊತೆಗೆ ಕೂರಿಸಿಕೊಳ್ಳಲಿ. ಸದ್ಯಕ್ಕೆ ನನ್ನ ತೀರ್ಪು ಇಷ್ಟು: ಬುರುಡೆಗೆ, ದವಡೆಗೆ ಹೌದು, ಯರಗುಪ್ಪಿಯ ರೈತನ ಕಣಕಾಲಿಗೆ ಇನ್ನೂ ಇಲ್ಲ.