ತಾಮಾರಳು ಮೌನವಾಗಿರಲಿಲ್ಲ: 2 ಸಮುವೇಲ 13ರ ಓದುಗಳ ಒಂದು ವಿಮರ್ಶೆ

ದೌರ್ಜನ್ಯಕ್ಕೆ ಒಳಗಾದ ಯುವಜನರು ಏಕೆ ಬಾಯಿಬಿಡುವುದಿಲ್ಲ ಎಂಬ ಪ್ರಶ್ನೆ ನಮ್ಮ ಸಭೆಗಳಲ್ಲಿ ಎದ್ದಾಗಲೆಲ್ಲ, ಉತ್ತರವನ್ನು ಅವರ ಭಯ ಸಂಕೋಚಗಳಲ್ಲಿಯೇ ಹುಡುಕುವುದು ವಾಡಿಕೆ. ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯವು ಈ ವಾಡಿಕೆಯನ್ನು ತಿದ್ದುತ್ತದೆ. ಆದರೆ ಆ ಅಧ್ಯಾಯವನ್ನು ನಾವು ಓದಿಕೊಂಡು ಬಂದಿರುವ ಕ್ರಮವೇ ಆ ತಿದ್ದುಪಡಿ ನಮ್ಮನ್ನು ತಲುಪದಂತೆ ತಡೆದಿದೆ.

ಮೊದಲ ಕ್ರಮ, ಓದದೆ ಬಿಡುವುದು. ಅನೇಕ ದೇಶಗಳ ಸಭೆಗಳು ಬಳಸುವ 1992ರ ಪರಿಷ್ಕೃತ ಸಾಮಾನ್ಯ ಪಾಠಕ್ರಮವು ನಾತಾನನ ಖಂಡನೆಯಿಂದ ಅಬ್ಷಾಲೋಮನ ಮರಣಕ್ಕೆ ನೇರವಾಗಿ ಸಾಗುತ್ತದೆ. ನಡುವಣ ತಾಮಾರಳ ವೃತ್ತಾಂತಕ್ಕೆ ಭಾನುವಾರದ ಪಾಠಗಳಲ್ಲಿ ಸ್ಥಳವಿಲ್ಲ. ಎರಡನೆಯ ಕ್ರಮ, ಅದನ್ನು ದಾವೀದನ ಪಾಪದ ಫಲವೆಂದು ಮಾತ್ರ ಓದುವುದು. ನಾತಾನನ ಪ್ರವಾದನೆಗೂ ಈ ಘಟನೆಗೂ ಸಂಬಂಧವಿರುವುದು ನಿಜ. ಆದರೂ ಇಂಥ ಓದಿನಲ್ಲಿ ಮಗಳ ನೋವು ತಂದೆಯ ಕಥೆಯ ಒಂದು ಉಪಾಖ್ಯಾನವಾಗಿಬಿಡುತ್ತದೆ.

ಫಿಲಿಸ್ ಟ್ರಿಬಲ್ ಅವರು 1984ರಲ್ಲಿ ಪ್ರಕಟಿಸಿದ ‘ಟೆಕ್ಸ್ಟ್ಸ್ ಆಫ್ ಟೆರರ್’ ಕೃತಿಯು ತಾಮಾರಳನ್ನು ಮತ್ತೆ ಕಥೆಯ ಕೇಂದ್ರಕ್ಕೆ ತಂದಿತು. ನೊಂದವರ ಸ್ಮರಣೆಯೇ ಅವರ ಓದಿನ ಉದ್ದೇಶ. ಆ ಋಣವನ್ನು ಒಪ್ಪಿಕೊಂಡೇ ಒಂದು ಮಾತನ್ನು ಸೇರಿಸಬೇಕು: ಸ್ಮರಣೆಯೊಂದೇ ಸಾಲದು, ಅವಳ ಮಾತನ್ನು ಯಾರು ಯಾರು ತಡೆದರು ಎಂಬುದನ್ನೂ ಪರೀಕ್ಷಿಸಬೇಕು.

ತಾಮಾರಳು ಕೃತ್ಯಕ್ಕೆ ಮುಂಚೆ ವಾದಿಸುತ್ತಾಳೆ: ಇಸ್ರಾಯೇಲಿನಲ್ಲಿ ಇಂಥದು ನಡೆಯತಕ್ಕದ್ದಲ್ಲವೆನ್ನುತ್ತಾಳೆ, ಅರಸನೊಡನೆ ಮಾತಾಡೆನ್ನುತ್ತಾಳೆ. ಅನಂತರ, ತನ್ನನ್ನು ಹೊರದೂಡುವುದು ಇನ್ನೂ ದೊಡ್ಡ ಅನ್ಯಾಯವೆಂದು ಪ್ರತಿಭಟಿಸುತ್ತಾಳೆ. ಕಡೆಗೆ ತಲೆಗೆ ಬೂದಿ ಹಾಕಿಕೊಂಡು, ನಿಲುವಂಗಿಯನ್ನು ಹರಿದುಕೊಂಡು, ಗಟ್ಟಿಯಾಗಿ ಕೂಗುತ್ತ ಹೋಗುತ್ತಾಳೆ. ಇದಕ್ಕಿಂತ ಸ್ಪಷ್ಟವಾದ ದೂರು ಯಾವುದು? ಅವಳ ಮಾತು ನಿಲ್ಲುವುದು, ಅವನು ನಿನ್ನ ಸಹೋದರನು, ಸುಮ್ಮನಿರು ಎಂದು ಅಬ್ಷಾಲೋಮನು ಹೇಳಿದ ಮೇಲೆ. ಅವಳನ್ನು ಅಮ್ನೋನನ ಮನೆಗೆ ಕಳುಹಿಸಿದ್ದು ಅರಸನ ಅಪ್ಪಣೆ. ಅವಳನ್ನು ಹೊರಗಟ್ಟಿ ಬಾಗಿಲಿಗೆ ಅಗುಳಿ ಹಾಕಿದ ಸೇವಕನು ಸಾಕ್ಷಿಯಾಗಬಹುದಿತ್ತು; ಅವನನ್ನು ಯಾರೂ ವಿಚಾರಿಸಲಿಲ್ಲ. ದಾವೀದನು ಕೋಪಗೊಂಡನು, ಅಷ್ಟೇ. ಗ್ರೀಕ್ ಸೆಪ್ಟುವಜಿಂಟ್ ಮತ್ತು ಕುಮ್ರಾನಿನ ಒಂದು ಸುರುಳಿ ಇಲ್ಲಿ ಕಾರಣವನ್ನೂ ಕೊಡುತ್ತವೆ: ಅಮ್ನೋನನು ಚೊಚ್ಚಲ ಮಗನು, ಅರಸನಿಗೆ ಪ್ರಿಯನು. ಎರಡು ವರ್ಷಗಳ ತರುವಾಯ ಅಬ್ಷಾಲೋಮನು ಸೇಡು ತೀರಿಸಿಕೊಂಡಾಗಲೂ, ತಾಮಾರಳಿಗೆ ಏನು ಬೇಕೆಂದು ಯಾರೂ ಕೇಳಿದ ಉಲ್ಲೇಖವಿಲ್ಲ.

ಈ ತಡೆಗಳು ಹಳೆಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದ ಸ್ತ್ರೀಯರಲ್ಲಿ ನೆರವು ಕೋರಿದವರು ಶೇಕಡಾ 14 ಮಾತ್ರ. ಮನೆಯ ಮಾನ, ಆರೋಪಿಯ ಸ್ಥಾನ, ಹಿರಿಯರ ಮಾತಿಗೆ ವಿಧೇಯತೆ ಎಂಬ ಅಬ್ಷಾಲೋಮನ ಕಾಲದ ಕಾರಣಗಳಿಗೆ ಸಭೆಯು ತನ್ನದೊಂದನ್ನು ಸೇರಿಸುತ್ತದೆ. ತಪ್ಪು ಮಾಡಿದವನೊಡನೆ ಮೊದಲು ಇಬ್ಬರೇ ಇರುವಾಗ ಮಾತಾಡಬೇಕೆಂಬ ಮತ್ತಾಯ 18ರ ಬೋಧನೆಯನ್ನು ಹಿಡಿದು, ಗಾಯಗೊಂಡವಳನ್ನೇ ಗಾಯಗೊಳಿಸಿದವನ ಮುಂದೆ ನಿಲ್ಲಿಸಲಾಗುತ್ತದೆ. ಅದೇ ಅಧ್ಯಾಯದಲ್ಲಿ ಚಿಕ್ಕವರಿಗೆ ಅಡ್ಡಿಯಾಗುವವರ ಮೇಲಣ ಕಠೋರವಾದ ಎಚ್ಚರಿಕೆ ಅದಕ್ಕೂ ಮೊದಲೇ ಬರುವುದನ್ನು ಮರೆಯಲಾಗುತ್ತದೆ.

ಇಲ್ಲಿ ದೇಶದ ಕಾನೂನು ನಮ್ಮ ವ್ಯಾಖ್ಯಾನಕ್ಕಿಂತ ಮುಂದಿದೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕೆಂದು 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮು ವಿಧಿಸುತ್ತದೆ. ತಿಳಿಸದಿದ್ದರೆ 21ನೆಯ ಕಲಮಿನಂತೆ ಶಿಕ್ಷೆಯುಂಟು. ಸಭಾಪಾಲಕರಿಗೆಂದು ವಿನಾಯಿತಿಯನ್ನು ಅದರಲ್ಲಿ ಬರೆದಿಲ್ಲ. ಆದರೆ ಈ ಕಡ್ಡಾಯವೇ ಕೆಲವು ಮಕ್ಕಳ ಬಾಯಿ ಕಟ್ಟಬಹುದು. ಆದುದರಿಂದ ಯಾವುದನ್ನು ಗುಟ್ಟಾಗಿ ಇಡಲಾಗದು, ಮುಂದೆ ಏನು ನಡೆಯುವುದು, ಆಗ ತಾನು ಹೇಗೆ ಜೊತೆಗಿರುವೆನು ಎಂಬುದನ್ನು ಪಾಲಕನು ಮೊದಲೇ ತಿಳಿಸಬೇಕು. 18 ದಾಟಿದವರ ವಿಷಯದಲ್ಲಿ ದೂರಿನ ನಿರ್ಧಾರ ಅವರದೇ. ಅದನ್ನು ಅಬ್ಷಾಲೋಮನಂತೆ ಕಸಿದುಕೊಳ್ಳುವುದು ಸಹಾಯವಲ್ಲ.

ಆದಕಾರಣ ನಮ್ಮ ದೇವಶಾಸ್ತ್ರ ತರಗತಿಗಳಲ್ಲಿ ಈ ಅಧ್ಯಾಯವನ್ನು ಓದುವಾಗ 22ನೆಯ ವಚನದಲ್ಲಿ ನಿಲ್ಲುವುದು ಒಳ್ಳೆಯದು. ಅಲ್ಲಿಂದ ಮುಂದೆ ಕಥೆ ರಾಜಪುತ್ರರದು. ಅಲ್ಲಿಯ ತನಕ ಅದು, ಮಾತಾಡಿದರೂ ಯಾರೂ ಕಿವಿಗೊಡದ ಒಬ್ಬ ಯುವತಿಯದು. ಅವಳೇಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಪಠ್ಯದಲ್ಲಿ ಆಧಾರವಿಲ್ಲ. ಕೇಳಿದವರು ಏನು ಮಾಡಿದರು ಎಂಬುದಕ್ಕೆ ಇದೆ.