ಪ್ರಶ್ನೆಗೆ ಖಾನೆಯಿಲ್ಲದ ಜೀವನಚರಿತ್ರೆ

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಹತ್ತಿರವಾದಂತೆ ನಮ್ಮ ಪ್ರಾಥಮಿಕ ಶಾಲೆಗಳ ಗೋಡೆಗಳ ಮೇಲೆ ಸಿ.ವಿ. ರಾಮನ್ ಕಾಣಿಸಿಕೊಳ್ಳುತ್ತಾರೆ. ಅಂಗಡಿಯಿಂದ ತಂದ ಚಿತ್ರವನ್ನು ಚಾರ್ಟಿನ ನಡುವೆ ಅಂಟಿಸಿ, ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಎಳೆದು, ಮಕ್ಕಳು ಕೆಳಗೆ ಬರೆಯುತ್ತಾರೆ: 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನನ, 1930ರಲ್ಲಿ ನೊಬೆಲ್, 1954ರಲ್ಲಿ ಭಾರತರತ್ನ, 1970ರಲ್ಲಿ ಬೆಂಗಳೂರಿನಲ್ಲಿ ನಿಧನ. ಒಂದು ಇಸವಿಯೂ ತಪ್ಪಿರುವುದಿಲ್ಲ. ಆದರೆ ಇವರು ಏನನ್ನು ಹುಡುಕಿದರು, ಯಾಕೆ ಹುಡುಕಿದರು ಎಂದು ಬರೆದ ಮಗುವನ್ನೇ ಕೇಳಿ ನೋಡಿ. ‘ರಾಮನ್ ಪರಿಣಾಮ’ ಎಂಬುದರಾಚೆ ಮಾತು ಹೊರಡುವುದು ಅಪರೂಪ.

ವಿಜ್ಞಾನಿಯ ಬದುಕನ್ನು ಮಕ್ಕಳಿಂದ ಬರೆಸುವುದು ಒಳ್ಳೆಯ ಪದ್ಧತಿ ಎಂದೇ ನಾನು ನಂಬಿದ್ದೇನೆ. ಭಾಷೆ, ಚರಿತ್ರೆ, ವಿಜ್ಞಾನ ಮೂರೂ ಒಂದೇ ಪುಟದಲ್ಲಿ ಸೇರುವ ಅವಕಾಶ ಬೇರೆ ಪಾಠಗಳಲ್ಲಿ ಸುಲಭವಾಗಿ ಸಿಗದು. ನನ್ನ ತಕರಾರು ನಾವು ಅವರಿಗೆ ಕೊಡುವ ಚೌಕಟ್ಟಿನ ಬಗ್ಗೆ. ಜನನ, ವಿದ್ಯಾಭ್ಯಾಸ, ಸಾಧನೆ, ಪ್ರಶಸ್ತಿ, ಮರಣ ಎಂಬ ಐದು ಖಾನೆಗಳಲ್ಲಿ ಕವಿಯನ್ನೂ ತುಂಬಬಹುದು, ಕ್ರಿಕೆಟ್ ಆಟಗಾರನನ್ನೂ ತುಂಬಬಹುದು. ಒಂದು ಪ್ರಶ್ನೆ ತಲೆಹೊಕ್ಕು ವರ್ಷಗಟ್ಟಲೆ ಕಾಡಿತಲ್ಲ, ಅದಕ್ಕೆ ಮಾತ್ರ ಖಾನೆಯಿಲ್ಲ.

ರಾಮನ್ ಅವರದೇ ಬದುಕು ನೋಡಿ. 1907ರಿಂದ ಕಲ್ಕತ್ತೆಯಲ್ಲಿ ಅವರು ಹಣಕಾಸು ಇಲಾಖೆಯ ಅಧಿಕಾರಿ. ಕಚೇರಿಗೆ ಹೋಗುವ ಮುನ್ನ, ಕಚೇರಿ ಮುಗಿದ ಮೇಲೆ ಬೌ ಬಜಾರಿನ ಪ್ರಯೋಗಾಲಯದಲ್ಲಿ ಕೆಲಸ. 1917ರಲ್ಲಿ ಆ ಭದ್ರ ನೌಕರಿ ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು. 1921ರಲ್ಲಿ ಇಂಗ್ಲೆಂಡಿಗೆ ಹೋಗಿಬರುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಅದು ಆಕಾಶದ ಪ್ರತಿಬಿಂಬವಷ್ಟೇ ಎಂದು ಲಾರ್ಡ್ ರ್‍ಯಾಲೆಯಂಥ ದೊಡ್ಡವರು ಹೇಳಿಯಾಗಿತ್ತು. ರಾಮನ್ ಹಡಗಿನಲ್ಲೇ ನಿಕಲ್ ಪ್ರಿಸಂ ಎಂಬ ಸಣ್ಣ ಉಪಕರಣದಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ವಾದಿಸಿ, ಬೊಂಬಾಯಿ ಬಂದರಿನಿಂದಲೇ ‘ನೇಚರ್’ ಪತ್ರಿಕೆಗೆ ಬರೆದರು. ಅಲ್ಲಿ ಹಿಡಿದ ಜಾಡು 1928ರಲ್ಲಿ ಅವರನ್ನು ಬೇರೊಂದು ಬೆರಗಿಗೆ ತಂದು ಮುಟ್ಟಿಸಿತು: ಒಂದೇ ಬಣ್ಣದ ಬೆಳಕು ದ್ರವದಲ್ಲಿ ಚದುರಿದಾಗ ಅದರ ಅತಿ ಸಣ್ಣ ಪಾಲು ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಇದೇ ರಾಮನ್ ಪರಿಣಾಮ.

ಐದನೇ ತರಗತಿಯ ಮಗುವಿಗೆ ಇದು ಭಾರವೇನಲ್ಲ. ಬರೆಯಲು ಕೂರಿಸುವ ಮೊದಲು ಕೋಣೆ ಕತ್ತಲು ಮಾಡಿ, ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಬಿಟ್ಟು ಟಾರ್ಚ್ ಹಾಯಿಸಿ. ಪಕ್ಕದಿಂದ ನೋಡಿದವರಿಗೆ ತಿಳಿನೀಲಿ, ಎದುರಿನಿಂದ ನೋಡಿದವರಿಗೆ ಕಿತ್ತಳೆಯ ಛಾಯೆ. ಇದು ರಾಮನ್ ಪರಿಣಾಮವಲ್ಲ, ಹಾಗೆಂದು ಮಕ್ಕಳಿಗೆ ಹೇಳಲೂಬೇಕು. ಆದರೂ ಬೆಳಕು ಚದುರುವುದು ಅಂದರೇನು ಎಂದು ಕಣ್ಣಾರೆ ಕಂಡ ಮಗು ತನ್ನ ಬರಹವನ್ನು ಹುಟ್ಟಿದ ತಾರೀಖಿನಿಂದಲೇ ಶುರುಮಾಡಬೇಕಿಲ್ಲ. ಹಡಗಿನ ಮೇಲಿಂದ ಶುರುಮಾಡಬಹುದು.

ಇನ್ನೊಂದು ಕೊರತೆ, ಎಲ್ಲರನ್ನೂ ದೇವರ ಪಟವಾಗಿಸುವುದು. ರಾಮನ್ ಜೊತೆ ದುಡಿದ ಕೆ.ಎಸ್. ಕೃಷ್ಣನ್ ಹೆಸರು ಮಕ್ಕಳ ಬರಹದಲ್ಲಿ ಬರುವುದೇ ಇಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ರಾಮನ್, ಹೆಣ್ಣೆಂಬ ಕಾರಣಕ್ಕೆ ಕಮಲಾ ಭಾಗವತ್ ಅವರಿಗೆ ಪ್ರವೇಶ ನಿರಾಕರಿಸಿದ್ದರು. ಆಕೆ ಪಟ್ಟುಹಿಡಿದು, ಷರತ್ತುಗಳಿಗೆ ಒಪ್ಪಿ ಒಳಗೆ ಬಂದರು. ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದು ಕಮಲಾ ಸೊಹೊನಿ ಎಂದು ಹೆಸರಾದರು. ಇದನ್ನು ಮಕ್ಕಳಿಗೆ ಹೇಳಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತರಗತಿಯಲ್ಲಿ ಕೂತ ಹೆಣ್ಣುಮಕ್ಕಳಿಗೆ ಈ ಸಂಗತಿ ತಿಳಿಯಲೇಬೇಕು. ದೊಡ್ಡ ವಿಜ್ಞಾನಿಯೂ ತಪ್ಪಬಲ್ಲ ಎಂದರೆ ವಿಜ್ಞಾನಕ್ಕೆ ಅವಮಾನವಿಲ್ಲ.

ಕೃತಿಚೌರ್ಯದ ದೂರನ್ನು ಮಕ್ಕಳ ಮೇಲೆ ಹೊರಿಸುವುದೂ ನ್ಯಾಯವಲ್ಲ. ಇಸವಿಗಳನ್ನು ಕೇಳಿದರೆ ಅವರು ನಕಲು ಮಾಡದೆ ಇನ್ನೇನು ಮಾಡಿಯಾರು? ಮೊಬೈಲಿನಲ್ಲಿ ಸಿಕ್ಕಿದ್ದರ ಜೊತೆಗೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದಂಥ ಪತ್ರಿಕೆಯನ್ನೋ ಶಾಲೆಯ ಗ್ರಂಥಾಲಯದ ಪುಸ್ತಕವನ್ನೋ ಓದಿಸಿ, ಎರಡರಲ್ಲೂ ಇರುವುದೇನು, ಒಂದರಲ್ಲಿ ಮಾತ್ರ ಇರುವುದೇನು ಎಂದು ಗುರುತು ಹಾಕಿಸಬೇಕು.

ಒಬ್ಬರೇ ಎರಡು ಮೂರು ತರಗತಿಗಳನ್ನು ನೋಡಿಕೊಳ್ಳುವ ಶಿಕ್ಷಕರಿಗೆ ಇದೆಲ್ಲ ಹೊರೆ ಎಂಬುದು ನಿಜ. ಹಾಗಾಗಿ ನನ್ನ ಕೋರಿಕೆ ಚಿಕ್ಕದು. ಈ ಚಟುವಟಿಕೆಗೆ ಹತ್ತು ಅಂಕ ಇಟ್ಟರೆ ಅದರಲ್ಲಿ ಐದನ್ನು, ವಿಜ್ಞಾನಿಯನ್ನು ಕಾಡಿದ ಪ್ರಶ್ನೆ ಯಾವುದೆಂದು ಮಗು ತನ್ನದೇ ಮಾತಿನಲ್ಲಿ ಹೇಳಿದ್ದಕ್ಕೆ ಕೊಡಿ, ಆ ಮಾತಿನಲ್ಲಿ ಕಾಗುಣಿತದ ತಪ್ಪಿದ್ದರೂ ಸರಿಯೇ.